ರಂಧ್ರ ಹೊಟ್ಟೆಯಲ್ಲಿ, ನೋವು ಹೆಗಲಿನಲ್ಲಿ

ಗರ್ಭಕೋಶದ ತೊಂದರೆಗಾಗಿ ಲ್ಯಾಪರೋಸ್ಕೋಪಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹೆಂಗಸರು ಮರುದಿನ ಹಾಸಿಗೆಯಲ್ಲಿ ಎದ್ದು ಕುಳಿತಾಗ ಹೇಳುವ ಮೊದಲ ದೂರು ಎಷ್ಟೋ ಸಲ ಹೊಟ್ಟೆಯದಲ್ಲ, ಹೆಗಲಿನದು. ಮನೆಯವರಿಗೆ ಸೋಜಿಗವಾಗುತ್ತದೆ. ವೈದ್ಯರು ಕೈ ಹಾಕಿದ್ದು ಹೊಕ್ಕುಳಿನ ಕೆಳಗೆ, ಹೆಗಲಿಗೇನಾಯಿತು? ಮಲಗಿದ್ದು ಸರಿಯಿರಲಿಲ್ಲ ಎಂದು ಒಬ್ಬರು, ದಿಂಬು ಎತ್ತರವಾಯಿತು ಎಂದು ಇನ್ನೊಬ್ಬರು. ಮನೆಯಲ್ಲಿ ಅಜ್ಜಿಯೊಬ್ಬರಿದ್ದರೆ “ವಾಯು ಹಿಡಿದುಕೊಂಡಿದೆ” ಎಂದುಬಿಡುತ್ತಾರೆ. ವಿನೋದವೆಂದರೆ, ಇವರೆಲ್ಲರ ಪೈಕಿ ನಿಜಕ್ಕೆ ಹತ್ತಿರವಿರುವವರು ಅಜ್ಜಿಯೇ.

ವೈದ್ಯರೊಡನೆ ಮಾತುಕತೆ ಏರ್ಪಡಿಸಿದಾಗಲೆಲ್ಲ ನಮಗೆ ಬರುವ ಪ್ರಶ್ನೆಗಳಲ್ಲಿ ಒಂದು ವಿಶೇಷವಿದೆ. ತೊಂದರೆ ತಾಯಿಯದೋ ಚಿಕ್ಕಮ್ಮನದೋ ಆಗಿರುತ್ತದೆ. ಕೇಳುವವರು ಕಾಲೇಜಿಗೆ ಹೋಗುವ ಮಗ ಅಥವಾ ಮಗಳು. “ಆಪರೇಷನ್ ಆಗಿ ಮೂರು ತಿಂಗಳಾಯಿತು. ಗಾಯ ಮಾಗಿದೆ. ಆದರೂ ಅಮ್ಮ ತೊಡೆಸಂದು ಉರಿಯುತ್ತದೆ ಎನ್ನುತ್ತಾರೆ. ಸ್ಕ್ಯಾನಿಂಗಿನಲ್ಲಿ ಏನೂ ಕಾಣಲಿಲ್ಲ. ಇದು ನಿಜವಾದ ನೋವೇ?” ಎಂಬ ಧಾಟಿಯ ಪ್ರಶ್ನೆಗಳು. ಕೊನೆಯ ಆ ಮೂರು ಪದಗಳಿಗಾಗಿಯೇ ಈ ಲೇಖನ. ಉತ್ತರ ನರಗಳಲ್ಲಿದೆ. ಅದಕ್ಕೆ ಮೊದಲು ಶಸ್ತ್ರಚಿಕಿತ್ಸೆಯನ್ನೊಮ್ಮೆ ನೋಡಿಬಿಡೋಣ.

ಹೊಟ್ಟೆಯೊಳಗೊಂದು ಕ್ಯಾಮೆರಾ

ಲ್ಯಾಪರೋಸ್ಕೋಪ್ ಎಂದರೆ ಉದರದರ್ಶಕ. ಹೊಕ್ಕುಳಿನ ಬಳಿ ಸುಮಾರು 1 ಸೆಂಟಿಮೀಟರಿನ ರಂಧ್ರ ಮಾಡಿ, ಬೆಳಕು ಮತ್ತು ಮಸೂರವಿರುವ ತೆಳುವಾದ ಕೊಳವೆಯನ್ನು ಒಳಗೆ ಇಳಿಸುತ್ತಾರೆ. ಕೆಳಹೊಟ್ಟೆಯ ಎರಡೂ ಬದಿಗಳಲ್ಲಿ 5 ಮಿಲಿಮೀಟರಿನ ಒಂದೆರಡು ರಂಧ್ರಗಳು. ಅವುಗಳ ಮೂಲಕ ಕತ್ತರಿ, ಇಕ್ಕಳಗಳು ಒಳಹೋಗುತ್ತವೆ. ವೈದ್ಯರು ನೋಡುವುದು ಹೊಟ್ಟೆಯನ್ನಲ್ಲ, ಎದುರಿನ ಟಿವಿ ಪರದೆಯನ್ನು. ನಮ್ಮ ವೃತ್ತಿಯವರಿಗೆ ಇದು ಸ್ವಲ್ಪ ಹೆಮ್ಮೆಯ ವಿಷಯ! ಮೊದಲ ದಿನಗಳಲ್ಲಿ ವೈದ್ಯರು ಕೊಳವೆಗೆ ಕಣ್ಣಿಟ್ಟು ಒಬ್ಬರೇ ಇಣುಕಬೇಕಾಗಿತ್ತು. ಕೊಳವೆಯ ತುದಿಗೆ ಟಿವಿ ಕ್ಯಾಮೆರಾ ಜೋಡಿಸಿದ ಮೇಲೆ, ಸಹಾಯಕರೂ ಅದೇ ಚಿತ್ರ ನೋಡುತ್ತಾ ಕೈಜೋಡಿಸುವಂತಾಯಿತು.

1901ರಲ್ಲಿ ಜರ್ಮನಿಯ ಗೇಯೋರ್ಗ್ ಕೆಲ್ಲಿಂಗ್ ನಾಯಿಯ ಹೊಟ್ಟೆಯೊಳಗೆ ಹೀಗೆ ಇಣುಕಿ ನೋಡಿದ್ದ. 1910ರಲ್ಲಿ ಸ್ವೀಡನ್ನಿನ ಯಾಕೋಬೇಯಸ್ ಮನುಷ್ಯರಲ್ಲಿ ಇದನ್ನು ಮಾಡಿದ ವರದಿ ಪ್ರಕಟಿಸಿದ. ವಿಧಾನವನ್ನು ಬಹುಕಾಲ ಸಾಕಿ ಬೆಳೆಸಿದವರು ಸ್ತ್ರೀರೋಗ ತಜ್ಞರೇ. 1980ರಲ್ಲಿ ಮೊಟ್ಟಮೊದಲು ಲ್ಯಾಪರೋಸ್ಕೋಪಿನಿಂದ ಅಪೆಂಡಿಕ್ಸ್ ತೆಗೆದ ಕೀಲ್ ನಗರದ ಕುರ್ಟ್ ಸೆಮ್ ಕೂಡ ಸ್ತ್ರೀರೋಗ ತಜ್ಞ. 1988ರಲ್ಲಿ ಅಮೆರಿಕದ ಹ್ಯಾರಿ ರೀಚ್ ಇದೇ ವಿಧಾನದಲ್ಲಿ ಗರ್ಭಕೋಶವನ್ನೇ ತೆಗೆದ. ಉದ್ದನೆಯ ಗಾಯವಿಲ್ಲ, ರಕ್ತನಷ್ಟ ಕಡಿಮೆ, ಬೇಗ ಮನೆಗೆ ಹೋಗಬಹುದು. ಈ ಲಾಭಗಳೆಲ್ಲ ನಿಜವೇ. ಆದರೆ ಚರ್ಮದ ಮೇಲಿನ ಗಾಯ ಚಿಕ್ಕದಾದ ಮಾತ್ರಕ್ಕೆ ಒಳಗಿನ ಕೆಲಸ ಚಿಕ್ಕದಾಗುವುದಿಲ್ಲ. “ಮೂರು ತೂತು ತಾನೆ, ಅದಕ್ಕೇನು ಇಷ್ಟು ನೋವು?” ಎಂಬ ಮಾತು ಹುಟ್ಟುವುದು ಈ ತಪ್ಪು ಲೆಕ್ಕದಿಂದ.

ಅನಿಲದ ಆಟ

ಮುಚ್ಚಿದ ಹೊಟ್ಟೆಯಲ್ಲಿ ಕರುಳು, ಗರ್ಭಕೋಶ ಎಲ್ಲವೂ ಒತ್ತೊತ್ತಾಗಿ ಕುಳಿತಿರುತ್ತವೆ. ನೋಡಲು, ಕೆಲಸ ಮಾಡಲು ಜಾಗ ಬೇಕಷ್ಟೆ. ಅದಕ್ಕಾಗಿ ಇಂಗಾಲದ ಡೈ ಆಕ್ಸೈಡ್ ಅನಿಲವನ್ನು ತುಂಬಿ ಹೊಟ್ಟೆಯನ್ನು ಬಲೂನಿನಂತೆ ಉಬ್ಬಿಸುತ್ತಾರೆ. ಒತ್ತಡ ಸಾಮಾನ್ಯವಾಗಿ 12ರಿಂದ 15 ಮಿಲಿಮೀಟರ್ ಪಾದರಸದಷ್ಟು. ಗಾಳಿಯನ್ನೇ ಏಕೆ ತುಂಬಬಾರದು? ಇಂಗಾಲದ ಡೈ ಆಕ್ಸೈಡ್ ಉರಿಯುವುದಿಲ್ಲ, ಆದ್ದರಿಂದ ವಿದ್ಯುತ್ ಉಪಕರಣ ಬಳಸಬಹುದು. ರಕ್ತದಲ್ಲಿ ಬೇಗ ಕರಗಿ ಉಸಿರಿನೊಂದಿಗೆ ಹೊರಹೋಗುತ್ತದೆ. ಆದರೆ ನೀರಿನೊಡನೆ ಸೇರಿದಾಗ ಅದು ಕಾರ್ಬಾನಿಕ್ ಆಮ್ಲವಾಗುತ್ತದೆಂದು ನೀವು ರಸಾಯನ ಶಾಸ್ತ್ರದಲ್ಲಿ ಓದಿದ್ದೀರಿ. ಹೊಟ್ಟೆಯ ಒಳಪೊರೆ ಸದಾ ತೇವವಾಗಿರುವಂಥದು.

ಶಸ್ತ್ರಚಿಕಿತ್ಸೆ ಮುಗಿದಾಗ ಅನಿಲವನ್ನು ಹೊರಬಿಡುತ್ತಾರೆ. ಸ್ವಲ್ಪ ಉಳಿದೇ ಉಳಿಯುತ್ತದೆ. ರೋಗಿ ಎದ್ದು ಕುಳಿತೊಡನೆ ಅದು ಮೇಲೇರಿ, ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ತೆರೆಯಾದ ವಪೆಯ ಅಡಿಯಲ್ಲಿ ನಿಲ್ಲುತ್ತದೆ. ಉಬ್ಬಿದಾಗ ಜಗ್ಗಿದ ವಪೆ, ಮೇಲೆ ಈ ಆಮ್ಲದ ಕೆರಳಿಕೆ.

ಹಾಗಿದ್ದರೆ ನೋವು ಪಕ್ಕೆಲುಬಿನ ಕೆಳಗೆ ಬರಬೇಕಿತ್ತು. ಹೆಗಲಿಗೆ ಹೋದದ್ದು ಹೇಗೆ? ಇಲ್ಲಿದೆ ಸ್ವಾರಸ್ಯ. ಭ್ರೂಣಕ್ಕೆ ನಾಲ್ಕು ವಾರವಾಗಿರುವಾಗ ಮುಂದೆ ವಪೆಯಾಗಬೇಕಾದ ಭಾಗ ಇರುವುದು ಎದೆಯ ಕೆಳಗಲ್ಲ, ಕುತ್ತಿಗೆಯ ಮಟ್ಟದಲ್ಲಿ. ಕುತ್ತಿಗೆಯ 3, 4 ಮತ್ತು 5ನೆಯ ಬೆನ್ನುಹುರಿ ನರಗಳು ಅಲ್ಲೇ ಅದಕ್ಕೆ ಸಂಪರ್ಕ ಕೊಡುತ್ತವೆ. ಭ್ರೂಣ ಬೆಳೆದಂತೆ ವಪೆ ಕೆಳಗಿಳಿಯುತ್ತದೆ, ತನ್ನ ನರವನ್ನೂ ಎಳೆದುಕೊಂಡು ಬರುತ್ತದೆ. ಊರು ಬಿಟ್ಟು ಬಂದರೂ ವಿಳಾಸ ಬದಲಾಯಿಸದವರಂತೆ! ಈ ಉದ್ದನೆಯ ನರಕ್ಕೆ ಫ್ರೆನಿಕ್ ನರ ಎಂದು ಹೆಸರು. ಹೆಗಲಿನ ಮೇಲಿನ ಚರ್ಮದ ಸಂವೇದನೆಯನ್ನು ಒಯ್ಯುವುದೂ 3 ಮತ್ತು 4ನೆಯ ಕುತ್ತಿಗೆ ನರಗಳೇ. ಎರಡೂ ಕಡೆಯ ಸುದ್ದಿ ಬೆನ್ನುಹುರಿಯ ಒಂದೇ ಅಂಚೆಪೆಟ್ಟಿಗೆಗೆ ಬಂದು ಬೀಳುತ್ತದೆ. ಮೆದುಳಿಗೆ ಜೀವಮಾನವೆಲ್ಲ ಅಲ್ಲಿಂದ ಬಂದದ್ದು ಹೆಚ್ಚಾಗಿ ಹೆಗಲಿನ ಸುದ್ದಿಯೇ. ಆದ್ದರಿಂದ ವಪೆಯ ಗೋಳನ್ನೂ ಅದು ಹೆಗಲಿನ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ಹೃದಯಾಘಾತದಲ್ಲಿ ಎಡತೋಳು ನೋಯುವುದೂ ಇದೇ ಬಗೆಯ ಕಾರಣದಿಂದ. ಇದಕ್ಕೆ ‘ವರ್ಗಾಯಿತ ನೋವು’ ಎನ್ನಬಹುದು.

ಈ ಹೆಗಲು ನೋವಿನಲ್ಲಿ ಯಾವ ನರವೂ ಗಾಯಗೊಂಡಿರುವುದಿಲ್ಲ. ಅನಿಲ ರಕ್ತದಲ್ಲಿ ಕರಗಿದಂತೆ ಎರಡು ಮೂರು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಮಲಗಿದರೆ ಕಡಿಮೆ, ಕುಳಿತರೆ ಹೆಚ್ಚು ಎಂಬುದೇ ಅದರ ಗುರುತು. ಆದರೆ ದಿನ ಕಳೆದಂತೆ ಹೊಟ್ಟೆನೋವು ಏರುತ್ತಾ ಹೋದರೆ, ಜ್ವರ, ಹೊಟ್ಟೆಯುಬ್ಬರ, ಉಸಿರಿನ ತೊಂದರೆ ಸೇರಿಕೊಂಡರೆ, ಅಥವಾ ಒಂದು ಮೀನಖಂಡ ಊದಿಕೊಂಡು ನೋಯತೊಡಗಿದರೆ, ಅದು ಅನಿಲದ ಕೆಲಸವೂ ಅಲ್ಲ, ನರದ ಕೆಲಸವೂ ಅಲ್ಲ. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕರುಳಿಗೆ ತಗುಲಿದ ಪೆಟ್ಟು, ಕಾಲಿನ ರಕ್ತನಾಳದಲ್ಲಿ ಹೆಪ್ಪು ಇವು ಕಾಯುವ ವಿಷಯಗಳಲ್ಲ.

ತೊಡೆಸಂದಿನ ಉರಿ

ಈಗ ಆ ಮಗಳ ಪ್ರಶ್ನೆಗೆ ಬರೋಣ. ನಿಮ್ಮ ಸೊಂಟದ ಮೇಲೆ ಕೈಯಿಟ್ಟು ಬೆರಳುಗಳನ್ನು ಮುಂದಕ್ಕೆ ಸರಿಸಿ. ಎರಡೂ ಬದಿಯಲ್ಲಿ ಚೂಪಾದ ಮೂಳೆಯ ತುದಿ ಸಿಗುತ್ತದೆ. ಅದರ ಸಮೀಪದಲ್ಲಿ, ಹೊಟ್ಟೆಯ ಗೋಡೆಯ ಸ್ನಾಯು ಪದರಗಳ ನಡುವೆ ಎರಡು ತೆಳ್ಳನೆಯ ನರಗಳು ಓರೆಯಾಗಿ ಕೆಳಗಿಳಿಯುತ್ತವೆ. ಇಲಿಯೋಹೈಪೋಗ್ಯಾಸ್ಟ್ರಿಕ್, ಇಲಿಯೋಇಂಗ್ವಿನಲ್ ಎಂದು ಅವುಗಳ ಹೆಸರು. ಹೆಸರು ಮರೆತರೂ ಚಿಂತೆಯಿಲ್ಲ, ದಾರಿ ನೆನಪಿಡಿ: ಸೊಂಟದ ಹತ್ತಿರದ ಮೊದಲನೆಯ ಬೆನ್ನುಹುರಿ ನರದಿಂದ ಹೊರಟು ಕೆಳಹೊಟ್ಟೆ, ತೊಡೆಸಂದು, ತೊಡೆಯ ಒಳಭಾಗದ ಮೇಲ್ತುದಿ ಮತ್ತು ಜನನಾಂಗದ ಚರ್ಮಕ್ಕೆ ಅವು ಹೋಗುತ್ತವೆ.

ಬದಿಯ ರಂಧ್ರಗಳನ್ನು ಮಾಡುವುದೂ ಇದೇ ಪ್ರದೇಶದಲ್ಲಿ. ರಂಧ್ರ ಕೊರೆಯುವ ಚೂಪು ಸಲಕರಣೆ ನರಕ್ಕೆ ತಗುಲಬಹುದು. ದೊಡ್ಡ ರಂಧ್ರವಾದರೆ ಒಳಗಿನ ಗಟ್ಟಿ ಪೊರೆಗೂ ಹೊಲಿಗೆ ಹಾಕಬೇಕಾಗುತ್ತದೆ. ಆಗ ನರ ಹೊಲಿಗೆಯಲ್ಲಿ ಸಿಕ್ಕಿಕೊಳ್ಳಬಹುದು. ಇಲ್ಲವೆ ವಾರಗಳ ನಂತರ ಮಾಗುವ ಕಲೆಯ ಅಂಗಾಂಶ ಅದನ್ನು ಬಿಗಿದುಕೊಳ್ಳಬಹುದು. ಬದಿಯ ರಂಧ್ರಗಳನ್ನು ಆ ಮೂಳೆ ತುದಿಯ ಮಟ್ಟಕ್ಕಿಂತ ಮೇಲೆ ಮಾಡಿದರೆ ಅಪಾಯ ಬಹಳ ಕಡಿಮೆಯಾಗುತ್ತದೆಂದು ಶಸ್ತ್ರವೈದ್ಯರು ಅನುಭವದಿಂದ ಕಲಿತಿದ್ದಾರೆ.

ಇಂಥ ನೋವಿನ ಲಕ್ಷಣವೇ ಬೇರೆ. ಗಾಯದ ನೋವು ಮಿಡಿಯುತ್ತದೆ, ದಿನೇ ದಿನೇ ಇಳಿಯುತ್ತದೆ. ನರದ ನೋವು ಉರಿಯುತ್ತದೆ, ಸೂಜಿ ಚುಚ್ಚಿದಂತಾಗುತ್ತದೆ, ಶಾಕ್ ಹೊಡೆದಂತೆ ರಂಧ್ರದ ಕಲೆಯಿಂದ ತೊಡೆಸಂದಿಗೆ ಹರಿಯುತ್ತದೆ. ನೆಟ್ಟಗೆ ನಿಂತರೆ ಹೆಚ್ಚು, ಮಡಿಸಿಕೊಂಡು ಮಲಗಿದರೆ ಹಿತ. ಇನ್ನೂ ವಿಚಿತ್ರವೆಂದರೆ, ಅದೇ ಜಾಗ ಮುಟ್ಟಿದರೆ ಮರಗಟ್ಟಿದಂತಿರುತ್ತದೆ. ಆದರೆ ಲಂಗದ ಲಾಡಿ ಸವರಿದರೆ ಬೆಂಕಿ ತಾಗಿದಂತಾಗುತ್ತದೆ. ಸ್ಪರ್ಶವೇ ತಿಳಿಯದ ಜಾಗದಲ್ಲಿ ನೋವು ಹೇಗೆ ಎಂದು ಕೇಳುವವರಿಗೆ ಇದು ಸುಳ್ಳಿನಂತೆ ಕಾಣುತ್ತದೆ. ನರಶಾಸ್ತ್ರಕ್ಕೆ ಇದೇ ಸಾಕ್ಷಿ. ಗಾಯಗೊಂಡ ನರತಂತು ಹೊರಗಿನ ಸುದ್ದಿಯನ್ನು ಒಯ್ಯುವುದನ್ನು ಬಿಟ್ಟು, ಗಾಯದ ಜಾಗದಲ್ಲಿ ತಾನೇ ಸಂಕೇತಗಳನ್ನು ಹುಟ್ಟಿಸತೊಡಗುತ್ತದೆ. ಇದು ಮುಂದುವರಿದರೆ ಬೆನ್ನುಹುರಿಯ ನರಕೋಶಗಳೂ ಕೆರಳಿ, ಸಾಮಾನ್ಯ ಸ್ಪರ್ಶವನ್ನೂ ನೋವೆಂದು ಮುಂದಕ್ಕೆ ಕಳಿಸುತ್ತವೆ. ಸ್ಕ್ಯಾನಿಂಗ್ ತೋರಿಸುವುದು ಅಂಗಗಳ ಆಕಾರವನ್ನು. ಇಷ್ಟು ತೆಳ್ಳನೆಯ ನರದ ಕೂಗು ಅದರಲ್ಲಿ ಕಾಣುವುದಿಲ್ಲ.

ಹಾಗಾದರೆ ಪತ್ತೆ ಹೇಗೆ? ಸರಳವಾದ ಎರಡು ಉಪಾಯಗಳಿವೆ. ರೋಗಿಯನ್ನು ಮಲಗಿಸಿ, ನೋಯುವ ಜಾಗವನ್ನು ಬೆರಳಿನಿಂದ ಒತ್ತಿ ಹಿಡಿದು, ತಲೆ ಎತ್ತಲು ಹೇಳುತ್ತಾರೆ. ಆಗ ಹೊಟ್ಟೆಯ ಸ್ನಾಯುಗಳು ಬಿಗಿಯುತ್ತವೆ. ನೋವು ಒಳಗಿನದಾದರೆ ಬಿಗಿದ ಸ್ನಾಯು ಗುರಾಣಿಯಂತೆ ಕಾಯ್ದು ನೋವು ಕಡಿಮೆಯಾಗುತ್ತದೆ. ಗೋಡೆಯದೇ ಆದರೆ ಹೆಚ್ಚಾಗುತ್ತದೆ. 1926ರಲ್ಲಿ ಕಾರ್ನೆಟ್ ಎಂಬ ಅಮೆರಿಕದ ವೈದ್ಯ ವಿವರಿಸಿದ ಈ ಪರೀಕ್ಷೆಗೆ ಯಾವ ಯಂತ್ರವೂ ಬೇಡ. ಎರಡನೆಯದು, ಆ ನರದ ಸುತ್ತ ಸ್ಥಳೀಯ ಅರಿವಳಿಕೆಯ ಚುಚ್ಚುಮದ್ದು. ಕೆಲವೇ ನಿಮಿಷಗಳಲ್ಲಿ ನೋವು ಮಾಯವಾದರೆ ಕಳ್ಳ ಸಿಕ್ಕಿದಂತೆ. ಕೆಲವರಿಗೆ ಇದೇ ಚಿಕಿತ್ಸೆಯೂ ಆಗುತ್ತದೆ.

ಸೈನಿಕರ ನೋವು, ಹೆಂಗಸರ ನೋವು

ನರದ ಗಾಯದಿಂದ ಹುಟ್ಟುವ ಉರಿನೋವನ್ನು ಮೊದಲು ಚೆನ್ನಾಗಿ ವರ್ಣಿಸಿದವನು ಅಮೆರಿಕದ ಸೈಲಾಸ್ ವಿಯರ್ ಮಿಚೆಲ್. 1861ರಿಂದ 1865ರವರೆಗೆ ನಡೆದ ಅಲ್ಲಿನ ಅಂತರ್ಯುದ್ಧದಲ್ಲಿ ಗುಂಡೇಟು ತಿಂದ ಸೈನಿಕರನ್ನು ಫಿಲಡೆಲ್ಫಿಯದ ಆಸ್ಪತ್ರೆಯಲ್ಲಿ ಅವನು ನೋಡಿದ. ಗಾಯ ಮಾಗಿದ ಮೇಲೂ ಉರಿ ತಾಳಲಾರದೆ ಅವರು ಕೈಗೆ ಸದಾ ಒದ್ದೆ ಬಟ್ಟೆ ಸುತ್ತಿಕೊಂಡಿರುತ್ತಿದ್ದರು. ಮಿಚೆಲ್ ಅವರನ್ನು ನಂಬಿದ, 1864ರಲ್ಲಿ ಇಬ್ಬರು ಸಹೋದ್ಯೋಗಿಗಳೊಡನೆ ಪುಸ್ತಕವನ್ನೇ ಬರೆದ. ಇದೇ ಮಿಚೆಲ್ ಮುಂದೆ ಹೆಂಗಸರ ‘ನರದೌರ್ಬಲ್ಯ’ಕ್ಕೆ ಒಂದು ಚಿಕಿತ್ಸೆ ರೂಢಿಗೆ ತಂದ: ವಾರಗಟ್ಟಲೆ ಹಾಸಿಗೆ ಬಿಟ್ಟು ಏಳಬಾರದು, ಓದಬಾರದು, ಬರೆಯಬಾರದು. ಲೇಖಕಿ ಷಾರ್ಲಟ್ ಪರ್ಕಿನ್ಸ್ ಗಿಲ್ಮನ್ 1887ರಲ್ಲಿ ಈ ಚಿಕಿತ್ಸೆಗೆ ಒಳಗಾಗಿ, 1892ರಲ್ಲಿ ಅದನ್ನೇ ಕಥೆಯಾಗಿಸಿದಳು. ಸೈನಿಕನ ನೋವಿಗೆ ನರದಲ್ಲಿ ಕಾರಣ ಹುಡುಕಿದ ಕಣ್ಣು ಹೆಣ್ಣಿನ ದೂರಿಗೆ ಸ್ವಭಾವದಲ್ಲಿ ಕಾರಣ ಹುಡುಕಿತು. ನಮ್ಮ ಮನೆಗಳಲ್ಲಿ “ಅವಳಿಗೆ ಯಾವಾಗಲೂ ಒಂದಲ್ಲ ಒಂದು” ಎನ್ನುವಾಗ ಆಗುವುದೂ ಇದೇ ಎಂದು ನನ್ನ ಅನಿಸಿಕೆ. ಜೊತೆಗೆ, ತೊಡೆಸಂದು, ಜನನಾಂಗ ಎಂಬ ಪದಗಳನ್ನು ಆಡಲು ಹಿಂಜರಿದು ಎಷ್ಟೋ ತಾಯಂದಿರು “ಸೊಂಟನೋವು” ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ವೈದ್ಯರು ಬೆನ್ನಿನ ಎಕ್ಸ್-ರೇ ತೆಗೆಸುತ್ತಾರೆ!

ಜೋಮು ಹಿಡಿದ ಕಾಲು

ಇನ್ನೊಂದು ಬಗೆಯ ಗಾಯಕ್ಕೆ ಕತ್ತರಿಯೂ ಬೇಡ, ಸೂಜಿಯೂ ಬೇಡ. ಚಕ್ಕಳಮಕ್ಕಳ ಹಾಕಿ ಕುಳಿತು ಏಳುವಾಗ ಕಾಲು ಜೋಮು ಹಿಡಿದಿರುತ್ತದೆ. ಒತ್ತಡ ಬಿದ್ದಾಗ ನರಕ್ಕೆ ರಕ್ತ ಸಾಲದೆ ಅದು ಸುದ್ದಿ ಒಯ್ಯುವುದನ್ನು ನಿಲ್ಲಿಸಿರುತ್ತದೆ. ನಾವು ಕಾಲು ಜಾಡಿಸುತ್ತೇವೆ, ಸರಿಹೋಗುತ್ತದೆ. ನಿದ್ದೆಯಲ್ಲೂ ಮಗ್ಗುಲು ಬದಲಿಸುತ್ತೇವೆ. ಅರಿವಳಿಕೆ ಕೊಟ್ಟು, ಸ್ನಾಯು ಸಡಿಲಿಸುವ ಔಷಧವನ್ನೂ ಕೊಟ್ಟ ದೇಹ ಮಗ್ಗುಲಾಗಲಾರದು, ದೂರಲಾರದು. ಒಂದೇ ಭಂಗಿಯಲ್ಲಿ ಎರಡು, ಮೂರು, ನಾಲ್ಕು ಗಂಟೆ.

ಭಂಗಿಯೂ ಸಾಮಾನ್ಯದ್ದಲ್ಲ. ಕಾಲುಗಳನ್ನು ಮಡಿಸಿ, ಅಗಲಿಸಿ, ಎರಡು ಆಧಾರಗಳ ಮೇಲೆ ಇಟ್ಟಿರುತ್ತಾರೆ. ಹಿಂದೆ ಮೂತ್ರಕೋಶದ ಕಲ್ಲು ತೆಗೆಯಲು ಬಳಸುತ್ತಿದ್ದ ಭಂಗಿ ಇದು. ಇದರ ‘ಲಿಥಾಟಮಿ’ ಎಂಬ ಹೆಸರಿನ ಅರ್ಥವೇ ಕಲ್ಲು ಕೊಯ್ಯುವುದು. ಸಾಲದೆಂದು ಮೇಜನ್ನು ತಲೆಯ ಕಡೆಗೆ ಬಾಗಿಸುತ್ತಾರೆ, ಕರುಳು ಎದೆಯ ಕಡೆ ಸರಿದು ಗರ್ಭಕೋಶದ ಸುತ್ತ ಜಾಗವಾಗಲಿ ಎಂದು.

ಮೊಣಕಾಲಿನ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಒಂದು ಸಣ್ಣ ಮೂಳೆಗುಬ್ಬು ಕೈಗೆ ಸಿಗುತ್ತದೆ. ಅದರ ಕೆಳಗೆ ಪೆರೋನಿಯಲ್ ನರ ಬರೀ ಚರ್ಮದ ಮರೆಯಲ್ಲಿ ಸುತ್ತಿಕೊಂಡು ಹೋಗುತ್ತದೆ. ಕಾಲಿನ ಆಧಾರ ಅಲ್ಲಿ ಒತ್ತಿದರೆ, ಎದ್ದ ಮೇಲೆ ಪಾದ ಮೇಲೆತ್ತಲು ಬರುವುದಿಲ್ಲ; ನಡೆಯುವಾಗ ಬೆರಳು ನೆಲಕ್ಕೆ ತಾಗಿ ಎಡವುತ್ತಾರೆ, ಚಪ್ಪಲಿ ಜಾರುತ್ತದೆ. ತೊಡೆಯನ್ನು ಹೆಚ್ಚು ಮಡಿಸಿ ಅಗಲಿಸಿದರೆ ಫೀಮೊರಲ್ ನರ ತೊಡೆಸಂದಿನಲ್ಲಿ ಕುಕ್ಕಿಕೊಳ್ಳುತ್ತದೆ. ಮೆಟ್ಟಿಲು ಇಳಿಯುವಾಗ ಮೊಣಕಾಲು ಇದ್ದಕ್ಕಿದ್ದಂತೆ ಕುಸಿಯುತ್ತದೆ. ತಲೆ ಕೆಳಗಾದ ದೇಹ ಜಾರದಂತೆ ಹೆಗಲಿಗೆ ಆನಿಕೆ ಕೊಟ್ಟರೆ ಅಥವಾ ತೋಳನ್ನು 90 ಡಿಗ್ರಿಗಿಂತ ಹೆಚ್ಚು ಚಾಚಿಟ್ಟರೆ ತೋಳಿನ ನರಗಳ ಜಾಲ ಜಗ್ಗುತ್ತದೆ. ಮೊಣಕೈ ಗೋಡೆಗೆ ತಗುಲಿದಾಗ ಕಿರುಬೆರಳಿನವರೆಗೆ ಜುಮ್ಮೆನ್ನಿಸುವ ಅಲ್ನಾರ್ ನರಕ್ಕೂ ಮೇಜಿನ ಅಂಚು ಶತ್ರು. ಮೆತ್ತೆ ಇಡುವುದು, ಕೈಗಳನ್ನು ದೇಹದ ಪಕ್ಕ ಇರಿಸುವುದು, ಹೊತ್ತು ಹೆಚ್ಚಾದರೆ ನಡುವೆ ಕಾಲಿಳಿಸುವುದು, ಇವೆಲ್ಲ ಶಸ್ತ್ರಚಿಕಿತ್ಸಾ ತಂಡದ ಹೊಣೆ. ತೀರ ತೆಳ್ಳಗಿರುವವರಿಗೆ, ಮಧುಮೇಹಿಗಳಿಗೆ ಅಪಾಯ ಸ್ವಲ್ಪ ಹೆಚ್ಚು. ಕ್ಯಾನ್ಸರಿಗಾಗಿ ಶ್ರೋಣಿಯ ದುಗ್ಧಗ್ರಂಥಿಗಳನ್ನು ತೆಗೆಯುವಾಗ ಆಳದಲ್ಲಿರುವ ಆಬ್ಟುರೇಟರ್ ನರಕ್ಕೆ ಪೆಟ್ಟಾಗುವುದೂ ಉಂಟು. ಆಗ ತೊಡೆಗಳನ್ನು ಒಟ್ಟಿಗೆ ಸೇರಿಸುವ ಶಕ್ತಿ ಕುಗ್ಗುತ್ತದೆ.

ಹೆದರಬೇಕಾಗಿಲ್ಲ. ಸ್ತ್ರೀರೋಗ ಶಸ್ತ್ರಚಿಕಿತ್ಸೆಗಳಲ್ಲಿ ನರಕ್ಕೆ ಪೆಟ್ಟಾಗುವುದು 100ಕ್ಕೆ ಸುಮಾರು 1ರಿಂದ 2ರಲ್ಲಿ ಮಾತ್ರ. ಅವುಗಳಲ್ಲೂ ಹೆಚ್ಚಿನವು ಗುಣವಾಗುತ್ತವೆ. ಎಷ್ಟು ದಿನದಲ್ಲಿ ಎಂಬುದಕ್ಕೆ ಒಂದು ಲೆಕ್ಕವಿದೆ.

ದಿನಕ್ಕೆ 1 ಮಿಲಿಮೀಟರ್

ಬ್ರಿಟನ್ನಿನ ಹರ್ಬರ್ಟ್ ಸೆಡನ್ 1943ರಲ್ಲಿ ನರದ ಗಾಯಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿದ. ನರತಂತುವನ್ನು ವಿದ್ಯುತ್ ತಂತಿ ಎಂದುಕೊಳ್ಳಿ. ಮೊದಲ ದರ್ಜೆಯಲ್ಲಿ ಮೇಲಿನ ಹೊದಿಕೆಗೆ ಮಾತ್ರ ಪೆಟ್ಟು. ವಾರಗಳಲ್ಲಿ, ಹೆಚ್ಚೆಂದರೆ ಎರಡು ಮೂರು ತಿಂಗಳಲ್ಲಿ ಸರಿಹೋಗುತ್ತದೆ. ಭಂಗಿಯಿಂದಾದ ಗಾಯಗಳಲ್ಲಿ ಹೆಚ್ಚಿನವು ಇವೇ. ಎರಡನೆಯದರಲ್ಲಿ ಒಳಗಿನ ತಂತಿ ತುಂಡಾಗಿದೆ, ಹೊರಗಿನ ಕೊಳವೆ ಉಳಿದಿದೆ. ತುಂಡಾದ ಜಾಗದಿಂದ ಮುಂದಿನ ತಂತು ಸತ್ತು ಕರಗುತ್ತದೆ ಎಂಬುದನ್ನು ಆಗಸ್ಟಸ್ ವಾಲರ್ 1850ರಲ್ಲೇ ಕಪ್ಪೆಯ ನಾಲಿಗೆಯ ನರ ಕತ್ತರಿಸಿ ತೋರಿಸಿದ್ದ. ಆಮೇಲೆ ಬೇರಿನ ಕಡೆಯಿಂದ ಹೊಸ ತಂತು ಖಾಲಿ ಕೊಳವೆಯೊಳಗೆ ಚಿಗುರುತ್ತಾ ಬರುತ್ತದೆ, ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ. ಮೂರನೆಯದು ಪೂರ್ತಿ ತುಂಡಾದದ್ದು, ಶಸ್ತ್ರಚಿಕಿತ್ಸೆಯಿಲ್ಲದೆ ಕೂಡುವುದಿಲ್ಲ.

ಲೆಕ್ಕ ನೀವೇ ಹಾಕಿ. ಮೊಣಕಾಲಿನ ಬಳಿ ಪೆಟ್ಟಾಗಿ, 10 ಸೆಂಟಿಮೀಟರ್ ಕೆಳಗಿನ ಸ್ನಾಯುವನ್ನು ತಲುಪಬೇಕಾದರೆ 100 ದಿನ. ದೂರ 40 ಸೆಂಟಿಮೀಟರ್ ಆದರೆ ವರ್ಷ ದಾಟುತ್ತದೆ. ಇತ್ತ ನರದ ಸಂಪರ್ಕವಿಲ್ಲದ ಸ್ನಾಯು ವರ್ಷ, ಒಂದೂವರೆ ವರ್ಷ ಕಳೆದರೆ ಮತ್ತೆ ಚೇತರಿಸಿಕೊಳ್ಳಲಾರದಷ್ಟು ಸೊರಗುತ್ತದೆ. ಈ ಎರಡು ಗಡಿಯಾರಗಳ ಪೈಪೋಟಿಯಿಂದಾಗಿಯೇ ಕಾಲಿನ ಶಕ್ತಿ ಕುಂದಿದ್ದನ್ನು ಮೊದಲ ದಿನವೇ ಹೇಳಬೇಕು. ಪಾದಕ್ಕೆ ಆಧಾರದ ಪಟ್ಟಿ, ವ್ಯಾಯಾಮ ಚಿಕಿತ್ಸೆ ತಕ್ಷಣ ಶುರುವಾಗುತ್ತವೆ. ನರ ಮತ್ತು ಸ್ನಾಯುವಿನ ವಿದ್ಯುತ್ ಪರೀಕ್ಷೆಯನ್ನು ಮಾತ್ರ ಸಾಮಾನ್ಯವಾಗಿ ಮೂರು ವಾರದ ನಂತರ ಮಾಡುತ್ತಾರೆ. ಸ್ನಾಯುವಿನಲ್ಲಿ ಬದಲಾವಣೆ ಕಾಣಲು ಅಷ್ಟು ಕಾಲ ಬೇಕು.

ಉರಿನೋವಿಗೆ ಅಂಗಡಿಯಲ್ಲಿ ಸಿಗುವ ನೋವಿನ ಮಾತ್ರೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಗಾಬಾಪೆಂಟಿನ್, ಪ್ರೀಗಾಬಲಿನ್, ಅಮಿಟ್ರಿಪ್ಟಿಲಿನ್ ಮುಂತಾದ, ನರದ ಕೆರಳಿಕೆಯನ್ನು ತಗ್ಗಿಸುವ ಔಷಧಗಳನ್ನು ವೈದ್ಯರು ಕೊಡುತ್ತಾರೆ. ಇವುಗಳಲ್ಲಿ ಮೊದಲ ಎರಡು ಅಪಸ್ಮಾರಕ್ಕೂ ಮೂರನೆಯದು ಖಿನ್ನತೆಗೂ ಬಳಸುವಂಥವು. ಚೀಟಿ ನೋಡಿ “ಅಮ್ಮನಿಗೆ ತಲೆ ಕೆಟ್ಟಿದೆ ಎಂದುಕೊಂಡರೇ” ಎಂದು ಗಾಬರಿಯಾಗಬೇಡಿ. ತಾವಾಗಿ ಕೊಂಡು ನುಂಗುವ, ತಾವಾಗಿ ನಿಲ್ಲಿಸುವ ಔಷಧಗಳೂ ಇವಲ್ಲ.

ವೈದ್ಯರ ಬಳಿ ಹೋಗುವ ಮುನ್ನ ಒಂದು ಕಾಗದದಲ್ಲಿ ದೇಹದ ಚಿತ್ರ ಬರೆದು, ಉರಿಯುವ ಜಾಗವನ್ನು ಒಂದು ಬಣ್ಣದಲ್ಲೂ ಮರಗಟ್ಟಿದ ಜಾಗವನ್ನು ಇನ್ನೊಂದರಲ್ಲೂ ತುಂಬಿಸಿಕೊಡಲು ತಾಯಿಗೆ ಹೇಳಬಹುದು. ಬಾಯಿಬಿಟ್ಟು ಹೇಳಲು ಸಂಕೋಚಪಡುವವರಿಗೆ ಇದು ಸುಲಭ. ಯಾವಾಗ ಶುರುವಾಯಿತು ಎಂಬುದನ್ನೂ ಬರೆದಿರಲಿ: ಎಚ್ಚರವಾದ ಕೂಡಲೇ ಎಂದರೆ ಒತ್ತಡ ಅಥವಾ ಹೊಲಿಗೆ, ಕೆಲವು ವಾರಗಳ ನಂತರ ಎಂದರೆ ಮಾಗುವ ಕಲೆ. ಬಣ್ಣ ತುಂಬಿದ ಆ ಚಿತ್ರವನ್ನು ನರಗಳ ನಕ್ಷೆಯ ಪಕ್ಕ ಇಟ್ಟರೆ ಯಾವ ನರವೆಂಬುದು ಎಷ್ಟೋ ಸಲ ಅಲ್ಲಿಯೇ ಗೊತ್ತಾಗುತ್ತದೆ.

ನರ ಚಿಗುರುತ್ತಿದೆಯೇ ಎಂದು ತಿಳಿಯಲು ವೈದ್ಯರು ಇಂದಿಗೂ ಬಳಸುವ ಒಂದು ಹಳೆಯ ವಿಧಾನವಿದೆ. 1915ರಲ್ಲಿ, ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಟಿನೆಲ್ ವಿವರಿಸಿದ್ದು. ನರದ ದಾರಿಯುದ್ದಕ್ಕೂ ಬೆರಳಿನಿಂದ ಮೆಲ್ಲಗೆ ತಟ್ಟುತ್ತಾ ಹೋಗುತ್ತಾರೆ. ಹೊಸ ತಂತುವಿನ ತುದಿ ಇರುವಲ್ಲಿ ತಟ್ಟಿದಾಗ ಜುಮ್ಮೆನ್ನುತ್ತದೆ; ಆ ಜಾಗ ಎಷ್ಟು ದೂರದಲ್ಲಿದೆಯೆಂದು ಅಳೆದು ಬರೆದುಕೊಳ್ಳುತ್ತಾರೆ. ಮುಂದಿನ ತಿಂಗಳು ಜುಮ್ಮೆನ್ನುವ ಜಾಗ ಸುಮಾರು 3 ಸೆಂಟಿಮೀಟರ್ ಕೆಳಗೆ ಸರಿದಿದ್ದರೆ ನರ ಬೆಳೆಯುತ್ತಿದೆ. ಮೂರು ನಾಲ್ಕು ತಿಂಗಳಾದರೂ ಅದು ಇದ್ದಲ್ಲೇ ಇದ್ದರೆ, ನರದ ಶಸ್ತ್ರಚಿಕಿತ್ಸಕರನ್ನು ಕಾಣಲು ಬರೆದುಕೊಡುತ್ತಾರೆ.